ನಿಲ್ಲು ಅಂದರೂ ನಿಲ್ಲದ ಪೈಥಾನ್ ಪ್ರೋಗ್ರಾಂ

ಮೆನುವಿನಲ್ಲಿ ‘ಮುಗಿಸು’ ಆರಿಸಿದರೆ ಪ್ರೋಗ್ರಾಂ ನಿಲ್ಲಿಸುವ ಸಿಸ್.ಎಕ್ಸಿಟ್ (sys.exit) ಓಡಬೇಕಿತ್ತು. ಓಡುತ್ತಲೂ ಇತ್ತು. ಆದರೆ ಪ್ರೋಗ್ರಾಂ ಮುಗಿಯುವ ಬದಲು ‘ಏನೋ ತಪ್ಪಾಗಿದೆ’ ಎಂದು ಹೇಳಿ ಮತ್ತೆ ಮೆನು ತೋರಿಸುತ್ತಿತ್ತು. ಓಡುವ ಪ್ರೋಗ್ರಾಂ ತಡೆಯುವ ಕಂಟ್ರೋಲ್-ಸಿ ಕೀಗಳನ್ನು ಒತ್ತಿದರೂ ಅದೇ ಕಥೆ. ಅರ್ಧ ದಿನ ಸುಮ್ನೆ ಮೆನುವನ್ನು ಮತ್ತೆ ಮತ್ತೆ ತೋರಿಸುವ ಲೂಪನ್ನು ಬೈದುಕೊಂಡೆ.

ಅದರ ಬದಲು, ಪ್ರೋಗ್ರಾಂ ಅನ್ನು ಅಲ್ಲೇ ಕಡಿದುಹಾಕುವ ಓಎಸ್._ಎಕ್ಸಿಟ್ (os._exit) ಹಾಕಿ ನೋಡಿದೆ. ನಿಂತಿತು, ನಿಜ. ಆದರೆ ಕೊನೆಯ ಕೆಲಸಗಳಿಗೆಂದು ಬರೆದ ‘ಫೈನಲಿ’ ಭಾಗ ಓಡಲೇ ಇಲ್ಲ, ಫೈಲಿಗೆ ಬರೆದ ಕೊನೆಯ ಸಾಲುಗಳು ಮಾಯ!

ತಪ್ಪು ಎಲ್ಲಿ ಹುಟ್ಟಿತು ಎಂದು ತೋರಿಸುವ ಟ್ರೇಸ್‌ಬ್ಯಾಕ್ ಪ್ರಿಂಟ್ ಮಾಡಿಸಿದಾಗ ಕಳ್ಳ ಸಿಕ್ಕಿದ: ಸಿಸ್ಟಮ್‌ಎಕ್ಸಿಟ್. ಸಿಸ್.ಎಕ್ಸಿಟ್ ಮಾಡುವುದು ಈ ಎಕ್ಸೆಪ್ಶನ್ (ಸಾಮಾನ್ಯ ಓಟವನ್ನು ಮುರಿಯುವ ಸೂಚನೆ) ಎಸೆಯುವ ಕೆಲಸ, ಅಷ್ಟೆ. ಎಸೆದದ್ದೆಲ್ಲವನ್ನೂ ಹಿಡಿಯುವ ನನ್ನ ಬರೀ ‘ಎಕ್ಸೆಪ್ಟ್:’ ಸಾಲು ಅದನ್ನೂ ನುಂಗುತ್ತಿತ್ತು. ‘ಎಕ್ಸೆಪ್ಶನ್’ ಗುಂಪಿಗೆ ಸೇರಿದವನ್ನು ಮಾತ್ರ ಹಿಡಿಯುವ ‘ಎಕ್ಸೆಪ್ಟ್ ಎಕ್ಸೆಪ್ಶನ್:’ ಎಂದು ಬದಲಿಸಿದೆ. ಸಿಸ್ಟಮ್‌ಎಕ್ಸಿಟ್, ಕಂಟ್ರೋಲ್-ಸಿ ಎಸೆಯುವ ಕೀಬೋರ್ಡ್‌ಇಂಟರಪ್ಟ್ ಎರಡೂ ಪೈಥಾನ್ 2.5ರಿಂದ ಆ ಗುಂಪಿನ ಹೊರಗೆ, ಎಲ್ಲಕ್ಕೂ ಮೂಲವಾದ ಬೇಸ್‌ಎಕ್ಸೆಪ್ಶನ್‌ನ ನೇರ ಕೆಳಗಿವೆ, ಹಾಗಾಗಿ ಈ ಬಲೆಗೆ ಬೀಳುವುದಿಲ್ಲ. ಈಗ ಒಂದೇ ಸಲಕ್ಕೆ ಮುಗಿಯುತ್ತದೆ, ಕೊನೆಯ ಸಾಲುಗಳೂ ಫೈಲಿನಲ್ಲಿವೆ.