ಬ್ಲೀಚ್ ಕೂದಲಿನ ಹಳದಿ ತೆಗೆಯುವುದು ಹೇಗೆ? ಮೊದಲು ನೀರು, ಆಮೇಲೆ ನೇರಳೆ

ಕಳೆದ ವರ್ಷ ನನ್ನ ತಂಗಿ ಮುಂಗೂದಲಿನ ಎರಡು ಪಟ್ಟಿಗಳಿಗೆ ಬ್ಲೀಚ್ ಮಾಡಿಸಿಕೊಂಡು ಬಂದಳು. ಅದೇ ದಿನ, ಅದೇ ಕುರ್ಚಿಯಲ್ಲಿ ಕುಳಿತು ಅವಳ ಗೆಳತಿಯೂ ಮಾಡಿಸಿಕೊಂಡಳು. ತಿಂಗಳು ಕಳೆದರೂ ಬೆಂಗಳೂರಿನ ಒಳಭಾಗದ ಬಸವನಗುಡಿಯ ಗೆಳತಿಯ ಕೂದಲಿನಲ್ಲಿ ಬೂದಿ ಛಾಯೆ ಉಳಿದಿತ್ತು. ಹೊರವಲಯದ ಹೊರಮಾವಿನ ನಮ್ಮ ಮನೆಯಲ್ಲಿ ತಂಗಿಯ ಕೂದಲು ಹಳೆಯ ಪುಸ್ತಕದ ಹಾಳೆಯಂತೆ ಹಳದಿಗೆ ತಿರುಗಿತ್ತು. ಹಳದಿಯನ್ನು ಮಸುಕುಗೊಳಿಸುವ ನೇರಳೆ ಬಣ್ಣದ ಶಾಂಪೂ ತಂದು ಹಚ್ಚಿದಳು. ಎರಡು ತಲೆಸ್ನಾನದವರೆಗೆ ಸರಿ ಇತ್ತು, ಮೂರನೆಯದಕ್ಕೆ ಮತ್ತೆ ಹಳದಿ. ಕೊನೆಗೆ ಉತ್ತರ ಸಿಕ್ಕಿದ್ದು ಬಚ್ಚಲುಮನೆಯ ಬಕೆಟ್ಟಿನಲ್ಲಿ. ಅದರ ಒಳಮೈಯಲ್ಲಿ ಉಗುರಿನಿಂದ ಕೆರೆದರೆ ಏಳುವ ಬಿಳಿ ಪೊರೆ, ನೀರು ನಿಲ್ಲುವ ಮಟ್ಟದಲ್ಲಿ ತೆಳ್ಳನೆಯ ಕಂದು ಗೆರೆ. ಟ್ಯಾಂಕರ್ ನೀರು ಬಕೆಟ್ಟಿಗೆ ಮಾಡಿದ್ದನ್ನೇ ಅವಳ ಕೂದಲಿಗೂ ಮಾಡುತ್ತಿತ್ತು.

ಹಾಗಾಗಿ ಬೆಂಗಳೂರಿನಲ್ಲಿ ಕೂದಲಿನ ಹಳದಿ ತೆಗೆಯಲು ಹೊರಟವರಿಗೆ ನಾನು ಹೇಳುವ ಮೊದಲ ಮಾತು: ಶಾಂಪೂ ಕೊಳ್ಳುವ ಮುನ್ನ ನಲ್ಲಿ ತಿರುಗಿಸಿ ನೀರು ನೋಡಿ.

ಹಳದಿ ಎಲ್ಲಿಂದ ಬರುತ್ತದೆ?

ನಮ್ಮ ಕಪ್ಪು ಕೂದಲಿನಲ್ಲಿ ಎರಡು ಬಗೆಯ ವರ್ಣದ್ರವ್ಯಗಳಿವೆ. ಕಪ್ಪು-ಕಂದು ಕೊಡುವುದು ಯೂಮೆಲನಿನ್, ಕೆಂಪು-ಹಳದಿ ಕೊಡುವುದು ಫಿಯೋಮೆಲನಿನ್. ಬ್ಲೀಚಿನಲ್ಲಿರುವ ಹೈಡ್ರೋಜನ್ ಪೆರಾಕ್ಸೈಡ್ ಇವುಗಳನ್ನು ಒಡೆಯುತ್ತಾ ಹೋದಂತೆ ಕೂದಲು ಕಪ್ಪಿನಿಂದ ಕೆಂಗಂದು, ಕಿತ್ತಳೆ, ದಟ್ಟ ಹಳದಿ, ತಿಳಿ ಹಳದಿ ಎಂದು ಮೆಟ್ಟಿಲಿಳಿಯುತ್ತದೆ. ಕೂದಲನ್ನು ಕಟ್ಟಿರುವ ಕೆರಾಟಿನ್ ಪ್ರೋಟೀನು ಕೂಡ ತುಸು ಹಳದಿಯೇ. ಎಂದರೆ ಎಷ್ಟೇ ಬ್ಲೀಚ್ ಮಾಡಿದರೂ ಹಾಲಿನ ಬಿಳುಪು ಬರುವುದಿಲ್ಲ. ಸಲೂನಿನಲ್ಲಿ ಕಂಡ ಬೂದಿ ಬಣ್ಣ ಕೊನೆಗೆ ಹಚ್ಚಿದ ಟೋನರಿನದು, ಎಂದರೆ ಬ್ಲೀಚಿನ ಮೇಲೆ ಛಾಯೆ ಕೊಡುವ ತೆಳು ಬಣ್ಣದ್ದು. ಅದು ತೊಳೆದು ಹೋದ ಮೇಲೆ ಕೆಳಗಿದ್ದ ಹಳದಿ ಕಾಣುತ್ತದೆ. ಇದು ಒಂದು ಹಳದಿ.

ಇನ್ನೊಂದು ನೀರಿನದು. ಬ್ಲೀಚ್ ಮಾಡಿದ ಕೂದಲಿನ ಹೊರಪದರ ತೆರೆದುಕೊಂಡಿರುತ್ತದೆ. ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ, ಕಬ್ಬಿಣ, ಹಳೆಯ ಪೈಪುಗಳ ತಾಮ್ರ ಎಲ್ಲವನ್ನೂ ಹೀರಿ ಹಿಡಿದಿಟ್ಟುಕೊಳ್ಳುತ್ತದೆ. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿಗೆ ನೀರು ತರುವ ಕಾವೇರಿ ಯೋಜನೆಯ ಐದನೇ ಹಂತ ಉದ್ಘಾಟನೆಯಾಗಿ ಹೊರವಲಯದ 110 ಹಳ್ಳಿಗಳ ಪ್ರದೇಶಕ್ಕೆ ನೀರು ಕೊಡುವ ಕೆಲಸ ಶುರುವಾಗಿದ್ದರೂ, ಎಷ್ಟೋ ಮನೆಗಳ ನೆಲದಡಿಯ ನೀರಿನ ತೊಟ್ಟಿಗೆ ಇಂದಿಗೂ ಬೀಳುವುದು ಬೋರ್‌ವೆಲ್ ಅಥವಾ ಟ್ಯಾಂಕರ್ ನೀರೇ.

ಮೊದಲ ಕೆಲಸ: ಎರಡು ಬಾಟಲಿಗಳ ಪರೀಕ್ಷೆ

ಒಂದೇ ಅಳತೆಯ ಎರಡು ಖಾಲಿ ಬಾಟಲಿ ತೆಗೆದುಕೊಳ್ಳಿ. ಒಂದಕ್ಕೆ ಅರ್ಧದಷ್ಟು ಸ್ನಾನದ ನೀರು, ಇನ್ನೊಂದಕ್ಕೆ ಅಷ್ಟೇ ಆರ್‌ಒ ಫಿಲ್ಟರ್ ನೀರು. ಎರಡಕ್ಕೂ ಒಂದೇ ಪ್ರಮಾಣದಲ್ಲಿ ಸ್ನಾನದ ಸೋಪಿನ ಚೂರು ಹಾಕಿ ಚೆನ್ನಾಗಿ ಕುಲುಕಿ. ಫಿಲ್ಟರ್ ನೀರಿನಲ್ಲಿ ನೊರೆ ಉಕ್ಕಿ ನಿಲ್ಲುತ್ತದೆ. ಸ್ನಾನದ ನೀರಿನಲ್ಲಿ ನೊರೆ ಕಡಿಮೆಯಾಗಿ, ಒಡೆದ ಹಾಲಿನಂತಹ ಗಷ್ಟು ತೇಲಿದರೆ ನಿಮ್ಮದು ಗಡಸು ನೀರು. ಕುಡಿಯುವ ನೀರಿಗೆ ಭಾರತೀಯ ಮಾನಕವು ಲೀಟರಿಗೆ 200 ಮಿಲಿಗ್ರಾಂ ಗಡಸುತನವನ್ನು ಒಪ್ಪುತ್ತದೆ, ಬೇರೆ ಮೂಲ ಇಲ್ಲದಿದ್ದರೆ 600ರವರೆಗೆ ಬಿಡುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಇರುವವರು ಸಂಘದ ಬಳಿ ನೀರಿನ ಪರೀಕ್ಷಾ ವರದಿ ಕೇಳಬಹುದು.

ನೀರು ಗಡಸಾಗಿದ್ದರೆ, ಗಡಸು ನೀರಿನ ಲವಣ ತೆಗೆಯುವುದಕ್ಕೆಂದೇ ಮಾಡಿದ ಶಾಂಪೂ ತನ್ನಿ. ಇದನ್ನು ಕೀಲೇಟಿಂಗ್ ಶಾಂಪೂ ಎನ್ನುತ್ತಾರೆ. ಬಾಟಲಿಯ ಹಿಂಬದಿಯ ಚೀಟಿಯಲ್ಲಿ ಸಾಮಾನ್ಯವಾಗಿ ಇಡಿಟಿಎ ಎಂಬ, ಲವಣಗಳನ್ನು ಹಿಡಿದು ತೆಗೆಯುವ ರಾಸಾಯನಿಕದ ಹೆಸರು ಇರುತ್ತದೆ. ಹಚ್ಚಿ, ಐದು ನಿಮಿಷ ಬಿಟ್ಟು ತೊಳೆದು, ಕಂಡೀಷನರ್ ಹಾಕಿ. ಕೂದಲು ಒಣಗಿದ ಮೇಲೆ ಬೆಳಗಿನ ಬೆಳಕಿನಲ್ಲಿ ನೋಡಿ. ತಂಗಿಯ ಕೂದಲಿನ ಮಂಕು ಅರ್ಧದಷ್ಟು ಇದರಲ್ಲೇ ಹೋಗಿತ್ತು, ನೇರಳೆಯ ಹನಿಯೂ ತಾಗುವ ಮೊದಲೇ. ಈ ಶಾಂಪೂ ಕೂದಲನ್ನು ಒಣಗಿಸುತ್ತದೆ. ಎರಡು ಮೂರು ವಾರಕ್ಕೊಮ್ಮೆ ಸಾಕು.

ನಿತ್ಯದ ಸ್ನಾನದಲ್ಲಿ ಮಾಡಬೇಕಾದದ್ದು ಇನ್ನೂ ಸರಳ. ತಲೆ ತೊಳೆಯಲು ಯಾವ ನೀರಾದರೂ ಇರಲಿ, ಕೊನೆಯ ಎರಡು ಚೊಂಬು ಮಾತ್ರ ಫಿಲ್ಟರ್ ನೀರು ಸುರಿಯಿರಿ.

ಎರಡನೆಯದು: ಬಣ್ಣ ಗುರುತಿಸುವುದು

ಕಿಟಕಿಯ ಬಳಿ ಬಿಳಿ ಕಾಗದ ಹಿಡಿದು, ಅದರ ಮೇಲೆ ಒಣಗಿದ ಕೂದಲ ಎಳೆಗಳನ್ನು ಹರಡಿ. ಬಚ್ಚಲುಮನೆಯ ಬಲ್ಬನ್ನು ನಂಬಬೇಡಿ. ಬಾಳೆಹಣ್ಣಿನ ಸಿಪ್ಪೆಯ ಒಳಮೈ ಬಣ್ಣವಿದ್ದರೆ ಅದು ತಿಳಿ ಹಳದಿ. ನೇರಳೆ ಶಾಂಪೂ ಒಂದೇ ಸಾಕು. ಸಿಪ್ಪೆಯ ಹೊರಮೈ ಬಣ್ಣವಿದ್ದರೆ ಟೋನರ್ ಬೇಕು. ಕಿತ್ತಳೆ ಇದ್ದರೆ ನೇರಳೆ ಏನೂ ಮಾಡದು, ಅದಕ್ಕೆ ನೀಲಿ ಬೇಕು. ವರ್ಣಚಕ್ರದಲ್ಲಿ ಹಳದಿಯ ಎದುರಿಗೆ ನೇರಳೆ, ಕಿತ್ತಳೆಯ ಎದುರಿಗೆ ನೀಲಿ ಇದೆ. ಎದುರಿನ ಬಣ್ಣಗಳು ಸೇರಿದಾಗ ಒಂದನ್ನೊಂದು ಮಸುಕುಗೊಳಿಸುತ್ತವೆ. ಅಜ್ಜಿಯರು ಬಿಳಿ ಪಂಚೆಗೆ ನೀಲಿ ಹಾಕುತ್ತಿದ್ದುದರ ಹಿಂದೆಯೂ ಇದೇ ಲೆಕ್ಕವಿದೆ. ಆದರೆ ಬಟ್ಟೆಯ ನೀಲಿಯನ್ನು ತಲೆಗೆ ಹಾಕಬೇಡಿ. ಅದು ಚರ್ಮಕ್ಕೆಂದು ಮಾಡಿದ್ದಲ್ಲ, ಕೂದಲಿನಲ್ಲಿ ಕಲೆಕಲೆಯಾಗಿ ಕೂರುತ್ತದೆ. ನಿಂಬೆರಸವೂ ಬೇಡ, ಅಡುಗೆ ಸೋಡಾ ಅಂತೂ ಬೇಡವೇ ಬೇಡ. ಎರಡೂ ಈಗಾಗಲೇ ಸೊರಗಿದ ಕೂದಲನ್ನು ಇನ್ನಷ್ಟು ಒರಟಾಗಿಸುತ್ತವೆಯೇ ಹೊರತು ಹಳದಿಯನ್ನು ಅಳಿಸುವುದಿಲ್ಲ.

ಇದೇ ಹೊತ್ತಿನಲ್ಲಿ ಒಂದು ಒದ್ದೆ ಎಳೆಯನ್ನು ಮೆಲ್ಲಗೆ ಎಳೆದು ನೋಡಿ. ಸ್ವಲ್ಪ ಹಿಗ್ಗಿ ಹಿಂದಕ್ಕೆ ಬಂದರೆ ಸರಿ. ಹಸಿ ಶಾವಿಗೆಯಂತೆ ಜಗ್ಗಿ ತುಂಡಾದರೆ ಟೋನರನ್ನೂ, ಮತ್ತೊಂದು ಬ್ಲೀಚನ್ನೂ ಮರೆತುಬಿಡಿ. ಅಂತಹ ಕೂದಲಿಗೆ ಕೆಲವು ವಾರಗಳ ವಿಶ್ರಾಂತಿ, ಕಂಡೀಷನರ್, ತಲೆಸ್ನಾನದ ಮುಂಚೆ ಕೊಬ್ಬರಿ ಎಣ್ಣೆ ಇಷ್ಟೇ ಮದ್ದು.

ನೇರಳೆ ಶಾಂಪೂ ಹಚ್ಚುವ ಬಗೆ

ಕೈಗವಸು ಹಾಕಿಕೊಳ್ಳಿ, ಹೆಗಲಿಗೆ ಹಳೆಯ ಟವಲ್ ಇರಲಿ. ಕೂದಲನ್ನು ಒದ್ದೆ ಮಾಡಿ, ನೀರು ತೊಟ್ಟಿಕ್ಕದಂತೆ ಹಿಂಡಿ. ನೀರು ಹೆಚ್ಚಿದ್ದರೆ ಬಣ್ಣ ತೆಳುವಾಗಿ ಎಲ್ಲೋ ಒಂದು ಕಡೆ ಮಾತ್ರ ಹಿಡಿಯುತ್ತದೆ. ಹಳದಿ ಹೆಚ್ಚಿರುವ ಜಾಗಕ್ಕೆ ಮೊದಲು ಹಚ್ಚಿ. ತುದಿಗೆ ಕೊನೆಯಲ್ಲಿ ಹಚ್ಚಿ. ತುದಿ ಹೆಚ್ಚು ಸವೆದಿರುವುದರಿಂದ ಬಣ್ಣವನ್ನು ಬೇಗ ಕುಡಿದುಬಿಡುತ್ತದೆ. ಮೊದಲ ಸಲ ಎರಡು ಮೂರು ನಿಮಿಷಕ್ಕಿಂತ ಹೆಚ್ಚು ಬಿಡಬೇಡಿ, ತೊಳೆದು ಒಣಗಿಸಿ ನೋಡಿ, ಸಾಲದಿದ್ದರೆ ಮುಂದಿನ ವಾರ ಐದು ನಿಮಿಷ. ವಾರಕ್ಕೊಮ್ಮೆ ಸಾಕು, ಉಳಿದ ದಿನ ಸಾದಾ ಶಾಂಪೂ. ಹೆಚ್ಚಾಗಿ ನೇರಳೆ ಹತ್ತಿಕೊಂಡರೆ ಗಾಬರಿ ಬೇಡ. ಸಾದಾ ಶಾಂಪೂವಿನಲ್ಲಿ ಎರಡು ಮೂರು ಸಲ ತೊಳೆದರೆ ಇಳಿಯುತ್ತದೆ.

ಟೋನರ್ ಬೇಕಾದರೆ

ಇಲ್ಲಿ ಅವಸರ ಸಲ್ಲದು. 48 ಗಂಟೆ ಮುಂಚೆ ಕಿವಿಯ ಹಿಂದೆ ಅಥವಾ ಮೊಣಕೈ ಒಳಗೆ ಪೊಟ್ಟಣದಲ್ಲಿ ಹೇಳಿದಂತೆ ಅಲರ್ಜಿ ಪರೀಕ್ಷೆ ಮಾಡಿ. ಕೂದಲಿಗೆ ಹಿಂದೆ ಕಪ್ಪು ಮೆಹೆಂದಿ ಹಚ್ಚಿದ್ದವರು ಇದನ್ನು ಬಿಡಲೇಬಾರದು. ಬಹಳಷ್ಟು ಕಪ್ಪು ಮೆಹೆಂದಿಗಳಲ್ಲಿರುವ ಪಿಪಿಡಿ ಎಂಬ ಬಣ್ಣದ ರಾಸಾಯನಿಕ ಒಮ್ಮೆ ಅಲರ್ಜಿ ತಂದರೆ ಮುಂದಿನ ಬಣ್ಣಕ್ಕೂ ಮೈ ಕೆರಳಬಹುದು. ಕೆಲವು ಮೆಹೆಂದಿ ಪುಡಿಗಳಲ್ಲಿನ ಲೋಹದ ಲವಣಗಳು ಪೆರಾಕ್ಸೈಡ್ ಜೊತೆ ಬಿಸಿಯಾಗಿ ಕೂದಲನ್ನೇ ಸುಡುವುದುಂಟು. ಅಂತಹವರು ಸಲೂನಿಗೇ ಹೋಗುವುದು ಕ್ಷೇಮ.

ಅಂಗಡಿಯಲ್ಲಿ ಅಮೋನಿಯಾ ಇಲ್ಲದ ಡೆಮಿ ಟೋನರ್, ಎಂದರೆ ಕೆಲವು ವಾರಗಳಲ್ಲಿ ತೊಳೆದು ಹೋಗುವ ಬಗೆಯದನ್ನು ಕೇಳಿ. ತಿಳಿ ಹಳದಿ ಕೂದಲಿಗೆ 9 ಅಥವಾ 10ನೇ ಮಟ್ಟದ (ಅಂಕಿ ಹೆಚ್ಚಿದಷ್ಟೂ ಬಣ್ಣ ತಿಳಿ) ನೇರಳೆ ಛಾಯೆ ಹೊಂದುತ್ತದೆ. ಪೊಟ್ಟಣದ ಮೇಲಿನ ಸಂಖ್ಯೆಯಲ್ಲಿ ಚುಕ್ಕಿಯ ನಂತರದ ಅಂಕಿ ಕಂಪನಿಯಿಂದ ಕಂಪನಿಗೆ ಬೇರೆಯಾಗುವುದರಿಂದ ಅಂಕಿಯನ್ನಲ್ಲ, ಛಾಯೆಯ ಹೆಸರನ್ನು ನೋಡಿ. ಟೋನರಿಗೆ ಬೆರೆಸುವ ಪೆರಾಕ್ಸೈಡ್ ದ್ರವ, ಎಂದರೆ ಡೆವಲಪರ್, ಸುಮಾರು 2ರಿಂದ 3 ಪರ್ಸೆಂಟಿನದು ಇರಲಿ. 6 ಪರ್ಸೆಂಟಿನದು ಬೇಡ. ಅದು ಬುಡದ ಕಪ್ಪು ಕೂದಲಿಗೆ ತಾಗಿದರೆ ಅಲ್ಲಿ ಕೆಂಪು ಬರುತ್ತದೆ, ಹಳದಿ ತೆಗೆಯಲು ಹೋಗಿ ಹೊಸ ಬಣ್ಣದ ಕಾಟ ಅಂಟಿಕೊಳ್ಳುತ್ತದೆ.

ಪ್ಲಾಸ್ಟಿಕ್ ಬಟ್ಟಲಿನಲ್ಲಿ ಪೊಟ್ಟಣದ ಅಳತೆಯಂತೆ ಕಲಸಿ. ಮೊದಲು ಕತ್ತಿನ ಹಿಂಬದಿಯ ಒಂದು ಎಳೆಗೆ ಹಚ್ಚಿ ಫಲ ನೋಡಿ. ಅದು ಒಪ್ಪಿಗೆಯಾದ ಮೇಲೆಯೇ ಉಳಿದದ್ದು. ಐದು ನಿಮಿಷಕ್ಕೊಮ್ಮೆ ಒಂದು ಎಳೆಯನ್ನು ಟಿಶ್ಯೂವಿನಿಂದ ಒರೆಸಿ ಕೆಳಗಿನ ಬಣ್ಣ ನೋಡುತ್ತಿರಿ. ಮೇಲೆ ಹಚ್ಚಿದ ಲೇಪ ಕಡುನೇರಳೆಗೆ ತಿರುಗಿ ಹೆದರಿಸುತ್ತದೆ, ಅದಕ್ಕೆ ಬೆಲೆ ಕೊಡಬೇಡಿ. ಒರೆಸಿದ ಎಳೆಯ ಮಾತೇ ನಿಜ. ಬೇಕಾದ ಬಣ್ಣ ಬಂದ ಕೂಡಲೇ ತೊಳೆಯಿರಿ. ಪೊಟ್ಟಣದ ಸಮಯ ಮೀರಬೇಡಿ. ತಲೆಯ ಚರ್ಮ ಉರಿದರೆ ಆ ಕ್ಷಣವೇ ತೊಳೆದುಬಿಡಿ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ನಿಲ್ಲುತ್ತದೆ.

ಕೂದಲು ಪೂರ್ತಿ ಕಿತ್ತಳೆಯಾಗಿದ್ದರೆ ಮನೆಯಲ್ಲಿ ಮತ್ತೆ ಬ್ಲೀಚ್ ಮಾಡಿ ಬಿಳುಪಿಗೆ ಹೋಗುವ ಆಸೆ ಬಿಡಿ. ಒಂದೆರಡು ಮಟ್ಟ ಗಾಢವಾದ ಬೂದಿಗಂದು ಬಣ್ಣ ಹಾಕಿಸಿಕೊಂಡರೆ ಅದು ನಮ್ಮ ಮೈಬಣ್ಣಕ್ಕೆ ಎಷ್ಟು ಚೆನ್ನಾಗಿ ಹೊಂದುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮದುವೆ ಮನೆಗೆ ಹೊರಟವರಿಗೆ ಕೊನೆಯದಾಗಿ ಒಂದು ಮಾತು. ಅರಿಶಿನ ಶಾಸ್ತ್ರದ ದಿನ ಬ್ಲೀಚ್ ಮಾಡಿದ ಭಾಗಕ್ಕೆ ಕೊಬ್ಬರಿ ಎಣ್ಣೆ ಸವರಿ ಜಡೆಯ ಒಳಗೆ ಸೇರಿಸಿ, ಮೇಲೊಂದು ವಸ್ತ್ರ ಕಟ್ಟಿ. ಹಾಗಿದ್ದೂ ಕಲೆ ಹತ್ತಿದರೆ ಸೋಪು ಹಾಕಿ ಉಜ್ಜಬೇಡಿ, ಕ್ಷಾರ ತಾಗಿದರೆ ಅರಿಶಿನ ಕೆಂಪಾಗುತ್ತದೆ. ಶಾಂಪೂವಿನಲ್ಲಿ ತೊಳೆದು, ಎರಡು ಮೂರು ದಿನ ಮಹಡಿಯ ಎಳೆಬಿಸಿಲಿನಲ್ಲಿ ಕೂದಲು ಹರವಿಕೊಂಡು ಕೂತರೆ ಆ ಹಳದಿ ತಾನಾಗಿಯೇ ತೆಳುವಾಗುತ್ತಾ ಹೋಗುತ್ತದೆ.