ಬೀಟಾ ಕೋಶ ಸುಮ್ನೆ ಕೂತಿರುವುದಿಲ್ಲ

ಟೈಪ್ 1 ಡಯಾಬಿಟಿಸ್‌ನಲ್ಲಿ ರೋಗನಿರೋಧಕ ಕೋಶಗಳು ಇನ್ಸುಲಿನ್ ಮಾಡುವ ಬೀಟಾ ಕೋಶಗಳನ್ನು ಕೊಲ್ಲುತ್ತವೆ. ಇದು ಎಲ್ಲರೂ ಓದಿದ್ದೇ. ಬೀಟಾ ಕೋಶ ಬರೀ ಏಟು ತಿನ್ನುತ್ತದಾ, ತಾನೂ ಏನಾದರೂ ಹೇಳುತ್ತದಾ? ಮೈಸೂರಿನ ಮಾನಸಗಂಗೋತ್ರಿಯ ಲ್ಯಾಬಿನಲ್ಲಿ ನಾನು ನೋಡಹೊರಟಿದ್ದು ಅದನ್ನೇ.

ಬೀಟಾ ಕೋಶಕ್ಕೆ ಲ್ಯಾಬಿನಲ್ಲಿ ಬೆಳೆಸುವ ಇಲಿಯ ಕೋಶತಳಿ ಮಿನ್6 ತಗೊಂಡೆ. ಬಲು ನಿಧಾನದ ತಳಿ ಇದು. ಅದನ್ನು ಬೆಳೆಸುವ ದ್ರವಕ್ಕೆ, ಅಂದರೆ ಮೀಡಿಯಾಗೆ, ಮರ್ಕ್ಯಾಪ್ಟೋಎಥನಾಲ್ ಬೇಕು, ಅದರ ನಾತ ಕೇಳಬೇಡಿ. ಪ್ಯಾಸೇಜ್ (ಹೊಸ ತಟ್ಟೆಗೆ ಬದಲಿಸುವುದು) ಜಾಸ್ತಿಯಾದರೆ ಗ್ಲೂಕೋಸ್ ಕೊಟ್ಟರೂ ಇನ್ಸುಲಿನ್ ಬಿಡುವುದಿಲ್ಲ. ಅದಕ್ಕೇ ಮೊದಲು 2.8, ಆಮೇಲೆ 16.7 ಮಿಲಿಮೋಲಾರ್ ಗ್ಲೂಕೋಸ್ ಕೊಟ್ಟು ಪರೀಕ್ಷೆ ಮಾಡಿಕೊಂಡೆ.

ಎದುರಿಗೆ ಒಂದು ರೋಗನಿರೋಧಕ ಕೋಶ ಬೇಕಲ್ಲ, ಅದಕ್ಕೆ ಮ್ಯಾಕ್ರೋಫೇಜ್ ಆರಿಸಿದೆ. ಮ್ಯಾಕ್ರೋಫೇಜ್‌ಗೆ ಎಲ್ಲರ ಕೈಗೂ ಸಿಗುವುದು ರಾ 264.7 ತಳಿ. ನಾನು ಬಳಸಲಿಲ್ಲ. ಅದರಲ್ಲಿ ಎಎಸ್‌ಸಿ ಅನ್ನುವ ಪ್ರೋಟೀನ್ ಇಲ್ಲ, ಹಾಗಾಗಿ ಐಎಲ್-1 ಬೀಟಾ ಅನ್ನುವ ಉರಿಯೂತದ ಸಂಕೇತ ಪೂರ್ತಿ ತಯಾರಾಗಿ ಹೊರಗೆ ಬರುವುದಿಲ್ಲ. ಈ ಮಾತುಕತೆಯಲ್ಲಿ ಅದೇ ಇಲ್ಲದಿದ್ದರೆ ಏನು ಕೇಳುವುದು? ಇಲಿಯ ಮೂಳೆಮಜ್ಜೆಯಿಂದಲೇ ಮ್ಯಾಕ್ರೋಫೇಜ್ ಬೆಳೆಸಿದೆ. ಬ್ಯಾಕ್ಟೀರಿಯಾದ ಹೊರಕವಚದ ಎಲ್‌ಪಿಎಸ್ ಕೊಟ್ಟು ಕೆರಳಿಸಿ, ಚೆನ್ನಾಗಿ ತೊಳೆದು, ಐಎಲ್-1 ಬೀಟಾ ಹೊರಬರಲೆಂದು ಎಟಿಪಿ ಹಾಕಿದೆ. ತೊಳೆಯದಿದ್ದರೆ ಎಲ್‌ಪಿಎಸ್ಸೇ ಬೀಟಾ ಕೋಶಕ್ಕೂ ತಾಗುತ್ತದೆ.

ಎರಡನ್ನೂ ತಟ್ಟೆಯ ಒಂದೇ ಗುಳಿಯಲ್ಲಿಟ್ಟೆ, ಮೇಲೆ ಮ್ಯಾಕ್ರೋಫೇಜ್, ಕೆಳಗೆ ಮಿನ್6, ಆದರೆ ನಡುವೆ 0.4 ಮೈಕ್ರಾನ್ ರಂಧ್ರದ ಪೊರೆ. ಪ್ರೋಟೀನ್ ದಾಟುತ್ತದೆ, ಕೋಶ ದಾಟುವುದಿಲ್ಲ. ಬೀಟಾ ಕೋಶ ಕೊಲ್ಲುವ ಟಿ ಕೋಶದ ಬದಲಿಗೆ, ಅದು ಬಿಡುವ ಇಂಟರ್‌ಫೆರಾನ್ ಗಾಮಾ ಸ್ವಲ್ಪ ಸೇರಿಸಿದೆ; ಕೋಶಕ್ಕೆ ಹಾನಿ ಮಾಡುವ ನೈಟ್ರಿಕ್ ಆಕ್ಸೈಡ್ ಚೆನ್ನಾಗಿ ತಯಾರಾಗಲು ಇಲಿಯ ಬೀಟಾ ಕೋಶಕ್ಕೆ ಐಎಲ್-1 ಒಂದೇ ಸಾಲದು.

ನೈಟ್ರಿಕ್ ಆಕ್ಸೈಡ್‌ನ ಗುರುತು ಹಿಡಿಯುವ ಗ್ರೀಸ್ ದ್ರಾವಣ ಹಾಕಿದಾಗ ಮೀಡಿಯಾ ಗುಲಾಬಿಯಾಯಿತು. ಜೊತೆಗಿದ್ದ ವಿದ್ಯಾರ್ಥಿನಿಗೆ ಖುಷಿ. "ಮೇಡಂ, ಬೀಟಾ ಕೋಶ ನೈಟ್ರಿಕ್ ಆಕ್ಸೈಡ್ ಮಾಡ್ತಿದೆ ಅಲ್ವಾ?"

"ಮೇಲಿರೋದು ಮಾಡಿದ್ದೋ ಕೆಳಗಿರೋದು ಮಾಡಿದ್ದೋ, ಬಣ್ಣ ಹೇಳುತ್ತಾ?" ಅಂದೆ.

ಮ್ಯಾಕ್ರೋಫೇಜೂ ಅದನ್ನು ಧಾರಾಳವಾಗಿ ಮಾಡುತ್ತದೆ. ಪೊರೆ ಉಪಯೋಗಕ್ಕೆ ಬಂದಿದ್ದು ಇಲ್ಲೇ. ಮೇಲಿನದನ್ನು ಎತ್ತಿಟ್ಟು, ಕೆಳಗಿನ ಮಿನ್6 ಕೋಶದ ಆರ್‌ಎನ್‌ಎ ಮಾತ್ರ ತೆಗೆದು, ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಅಂತ ಅಳೆಯುವ ಕ್ಯುಪಿಸಿಆರ್ ಮಾಡಿದೆವು. ನೈಟ್ರಿಕ್ ಆಕ್ಸೈಡ್ ಮಾಡುವ ಐನಾಸ್ ಜೀನ್ ಬೀಟಾ ಕೋಶದಲ್ಲೂ ಏರಿತ್ತು. ನನಗೆ ಹೆಚ್ಚು ಮುಖ್ಯ ಅನಿಸಿದ್ದು ಸಿಎಕ್ಸ್‌ಸಿಎಲ್10. ಟಿ ಕೋಶಗಳನ್ನು ತನ್ನತ್ತ ಕರೆಯುವ ಸಂಕೇತ ಅದು. ಬೀಟಾ ಕೋಶ ತಾನೇ ಕರೆಯುತ್ತಿತ್ತು!

ಐಎಲ್-1 ಗ್ರಾಹಕವನ್ನು ಅನಾಕಿನ್ರಾ ಅನ್ನುವ ಔಷಧಿಯಿಂದ ತಡೆದಾಗ ಐನಾಸ್ ಚೆನ್ನಾಗಿ ಇಳಿಯಿತು. ಸಿಎಕ್ಸ್‌ಸಿಎಲ್10 ಅಷ್ಟು ಇಳಿಯಲಿಲ್ಲ. ಟಿಎನ್‌ಎಫ್ ಅನ್ನುವ ಇನ್ನೊಂದು ಉರಿಯೂತದ ಸಂಕೇತ ಇತ್ತು, ಇಂಟರ್‌ಫೆರಾನ್ ಅಂತೂ ನಾವೇ ಹಾಕಿದ್ದೆವು. ಒಂದು ಬಾಯಿ ಮುಚ್ಚಿದರೆ ಸಾಲದು.

ಮಿನ್6 ಎಷ್ಟಾದರೂ ಗೆಡ್ಡೆಯಿಂದ (ಟ್ಯೂಮರ್) ಬಂದ ತಳಿ. ಮೇದೋಜೀರಕ ಗ್ರಂಥಿಯಲ್ಲಿ ಬೀಟಾ ಕೋಶಗಳಿರುವ ಗುಂಪಿನಲ್ಲಿ, ಅಂದರೆ ನಿಜವಾದ ಲ್ಯಾಂಗರ್‌ಹ್ಯಾನ್ಸ್ ದ್ವೀಪದಲ್ಲಿ, ಆಲ್ಫಾ ಕೋಶ, ರಕ್ತನಾಳ, ನರ ಎಲ್ಲ ಇರುತ್ತವೆ. ಆರೋಗ್ಯವಾಗಿದ್ದಾಗಲೂ ಅಲ್ಲಿ ಮ್ಯಾಕ್ರೋಫೇಜ್ ನೆಲೆಸಿರುತ್ತವೆ. ಈಗ ಇಲಿಯ ದ್ವೀಪಗಳನ್ನೇ ಬಿಡಿಸಿ ಇದೇ ಪ್ರಯೋಗ ನಡೆಸುತ್ತಿದ್ದೇವೆ.