ಭಾಷೆ ಬರುತ್ತೆ ಸರಿ, ಕಲಿಸೋಕೆ ಬರುತ್ತಾ? ಲ್ಯಾಂಗ್ವೇಜ್ ಟೀಚರ್ ಆಗುವವರು ಪಿಜಿ ಕೋರ್ಸ್ ಆರಿಸುವ ಬಗೆ

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಪಾಟ್ನಾ ಕಡೆಯ ಹುಡುಗನೊಬ್ಬ ಇದ್ದಾನೆ. ಕನ್ನಡ ಕಲಿಯಬೇಕು ಅಂತ ತುಂಬಾ ಆಸೆ. ಒಂದು ದಿನ ಗೇಟಿನ ಹತ್ತಿರ ನಿಂತು ಸೆಕ್ಯುರಿಟಿಯವರಿಗೆ ‘ಇದು ನನ್ನ ಪಾರ್ಸಲ್ ಇಲ್ಲ’ ಅಂದ. ‘ಇಲ್ಲ ಅಲ್ಲಪ್ಪಾ, ಅಲ್ಲ’ ಅಂದೆ. ಅವನಿಗೆ ತಲೆ ತಿರುಗಿತು. ಎರಡಕ್ಕೂ ಏನು ವ್ಯತ್ಯಾಸ ಸಾರ್ ಅಂತ ಕೇಳಿದ. ಹಿಂದಿಯಲ್ಲಿ ಎರಡು ಕಡೆಗೂ ‘ನಹೀಂ’ ಒಂದೇ, ಅವನ ತಪ್ಪೇನಿದೆ ಹೇಳಿ. ಹುಟ್ಟಿದಾಗಿನಿಂದ ಕನ್ನಡ ಮಾತಾಡುತ್ತಾ ಬಂದವನು ನಾನು, ಮೇಲಾಗಿ ಇಂಗ್ಲಿಷ್ ಮೇಷ್ಟ್ರು ಬೇರೆ. ‘ಅದು ಹಾಗೇನೇ’ ಅಂತ ಹೇಳಿ ಲಿಫ್ಟ್ ಹತ್ತಿಬಿಟ್ಟೆ.

ಈ ‘ಅದು ಹಾಗೇನೇ’ ಅನ್ನೋದನ್ನು ಬಿಡಿಸಿ ಹೇಳುವುದಕ್ಕೇ ಒಂದು ಓದು ಇದೆ. ಇಂಗ್ಲಿಷಿನ ಮಟ್ಟಿಗೆ ಅದಕ್ಕೆ ಎಂಎ ಟೆಸಲ್ (ಟೀಚಿಂಗ್ ಇಂಗ್ಲಿಷ್ ಆಸ್ ಎ ಸೆಕೆಂಡ್ ಲ್ಯಾಂಗ್ವೇಜ್), ಎಂಎ ಟೆಸೋಲ್ (ಟೀಚಿಂಗ್ ಇಂಗ್ಲಿಷ್ ಟು ಸ್ಪೀಕರ್ಸ್ ಆಫ್ ಅದರ್ ಲ್ಯಾಂಗ್ವೇಜಸ್), ಇಂಗ್ಲಿಷ್ ಲ್ಯಾಂಗ್ವೇಜ್ ಟೀಚಿಂಗ್ ಅಂದರೆ ಇಎಲ್‌ಟಿ ಅಂತೆಲ್ಲ ಹೆಸರಿಟ್ಟಿದ್ದಾರೆ. ಹೆಸರಿಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ, ಒಳಗಿನ ಸರಕು ಹೆಚ್ಚೂ ಕಡಿಮೆ ಒಂದೇ. ಸೇರಬೇಕು ಅಂತಿದ್ದರೆ ಹೇಗೆ ಹೊರಡಬೇಕು ಅಂತ ನೋಡೋಣ.

ಮೊದಲು: ಯಾರಿಗೆ ಕಲಿಸುತ್ತೀರಿ?

ಸುತ್ತಮುತ್ತ ಕೇಳಿಸುವ ಭಾಷೆಯನ್ನು ಕಲಿಸುವುದು ಬೇರೆ, ಕ್ಲಾಸಿನಲ್ಲಿ ಮಾತ್ರ ಕೇಳಿಸುವ ಭಾಷೆಯನ್ನು ಕಲಿಸುವುದು ಬೇರೆ. ಸೆಕೆಂಡ್ ಲ್ಯಾಂಗ್ವೇಜ್, ಫಾರಿನ್ ಲ್ಯಾಂಗ್ವೇಜ್ ಅಂತ ಈ ಓದಿನವರು ಬೇರೆ ಮಾಡುವುದು ಇದನ್ನೇ. ಪಾಟ್ನಾ ಹುಡುಗನಿಗೆ ಬೆಂಗಳೂರಿನಲ್ಲಿ ಕನ್ನಡ ಸೆಕೆಂಡ್ ಲ್ಯಾಂಗ್ವೇಜ್. ತಪ್ಪಿದ್ದನ್ನು ತಿದ್ದಲು ತರಕಾರಿ ಅಂಗಡಿಯವರೂ ಇದ್ದಾರೆ. ನಮ್ಮ ಹಳ್ಳಿ ಶಾಲೆಯ ಟೈಂಟೇಬಲ್‌ನಲ್ಲಿ ಇಂಗ್ಲಿಷನ್ನು ‘ದ್ವಿತೀಯ ಭಾಷೆ’ ಅಂತ ಬರೆದಿರುತ್ತಾರೆ. ಆದರೆ ಪಿರಿಯಡ್ ಮುಗಿದ ಮೇಲೆ ಆ ಮಕ್ಕಳ ಕಿವಿಗೆ ಒಂದು ಇಂಗ್ಲಿಷ್ ಮಾತೂ ಬೀಳುವುದಿಲ್ಲ. ಅಲ್ಲಿ ಅದು ಫಾರಿನ್ ಲ್ಯಾಂಗ್ವೇಜೇ ಸರಿ. ನೀವು ಯಾವ ಕ್ಲಾಸಿನ ಮುಂದೆ ನಿಲ್ಲುತ್ತೀರಿ ಅಂತ ಗೊತ್ತಿಲ್ಲದೆ ಕೋರ್ಸ್ ಹುಡುಕಲು ಹೋಗಬೇಡಿ.

ಎರಡನೆಯದು: ಯಾವ ಕೆಲಸಕ್ಕೆ ಯಾವ ಕಾಗದ?

ಜನ ಎಡವುವುದು ಇಲ್ಲೇ. ಹೊರದೇಶದಿಂದ ಎಂಎ ಮಾಡಿಕೊಂಡು ಬಂದ ಮಾತ್ರಕ್ಕೆ ಸರ್ಕಾರಿ ಶಾಲೆಯ ಬಾಗಿಲು ತೆರೆಯುವುದಿಲ್ಲ. ಅಲ್ಲಿ ಸಾಮಾನ್ಯವಾಗಿ ಬಿ.ಎಡ್. ಬೇಕು, 6ರಿಂದ 8ನೇ ತರಗತಿಗಾದರೆ ಜೊತೆಗೆ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ. ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕ ಆಗಲು ಎಂಎನಲ್ಲಿ ಶೇ 55 ಅಂಕದ ಜೊತೆ ನೆಟ್, ಕೆ-ಸೆಟ್ ಅರ್ಹತಾ ಪರೀಕ್ಷೆ ಅಥವಾ ಪಿಎಚ್‌.ಡಿ. ಕೇಳುತ್ತಾರೆ. ನಿಮ್ಮ ಎಂಎ ಹೆಸರು ‘ಇಂಗ್ಲಿಷ್’ ಅಂತ ಇಲ್ಲದೆ ಬೇರೇನೋ ಇದ್ದರೆ ಅದು ಇಂಗ್ಲಿಷ್ ಹುದ್ದೆಗೆ ನಡೆಯುತ್ತಾ ಅಂತ ಸೇರುವ ಮೊದಲೇ ಬರಹದಲ್ಲಿ ಕೇಳಿಟ್ಟುಕೊಳ್ಳಿ. ಆಮೇಲೆ ಓಡಾಡುವುದು ನೀವೇ.

ಸೆಲ್ಟಾ ಅಂತ ಒಂದು ಕೇಂಬ್ರಿಡ್ಜ್ ಸರ್ಟಿಫಿಕೇಟ್ ಇದೆ. ಅದು ಡಿಗ್ರಿ ಅಲ್ಲ. ಕನಿಷ್ಠ 120 ಗಂಟೆಯ ತರಬೇತಿ, ಅದರಲ್ಲಿ 6 ಗಂಟೆ ನೀವು ನಿಜವಾದ ಕಲಿಕೆದಾರರಿಗೆ ಪಾಠ ಮಾಡಬೇಕು, ಹಿಂದೆ ಟ್ರೈನರ್ ಕೂತಿರುತ್ತಾರೆ. ಖಾಸಗಿ ಸಂಸ್ಥೆಗಳು ಇದಕ್ಕೆ ಬೆಲೆ ಕೊಡುತ್ತವೆ. ಸರ್ಕಾರಿ ನೇಮಕಾತಿಯಲ್ಲಿ ಇದನ್ನು ಕೇಳುವವರಿಲ್ಲ.

ಮೂರನೆಯದು: ಮನೆ ಹತ್ತಿರ ಏನಿದೆ ನೋಡಿ

ವಿಮಾನದ ಟಿಕೆಟ್ ಬೆಲೆ ನೋಡುವ ಮೊದಲು ಹೈದರಾಬಾದ್ ಕಡೆ ನೋಡಿ. ಅಲ್ಲಿನ ಇಫ್ಲು, ಅಂದರೆ ಇಂಗ್ಲಿಷ್ ಅಂಡ್ ಫಾರಿನ್ ಲ್ಯಾಂಗ್ವೇಜಸ್ ಯೂನಿವರ್ಸಿಟಿ, ಶುರುವಾಗಿದ್ದು 1958ರಲ್ಲಿ, ಇಂಗ್ಲಿಷ್ ಮೇಷ್ಟ್ರುಗಳನ್ನು ತಯಾರು ಮಾಡುವುದಕ್ಕೇ. 2007ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಾಯಿತು. ಇಂಗ್ಲಿಷ್ ಬೋಧನೆಯದ್ದೇ ಎಂಎ ಮತ್ತು ಪಿಜಿ ಡಿಪ್ಲೊಮಾ ಎರಡಕ್ಕೂ ಅದು ಹೆಸರುವಾಸಿ. ಬೆಂಗಳೂರಿನ ಜ್ಞಾನಭಾರತಿ ಆವರಣದಲ್ಲಿ 1963ರಿಂದ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ. ಈಗಾಗಲೇ ಸರ್ಕಾರಿ ಶಾಲೆಯಲ್ಲಿರುವ ಮೇಷ್ಟ್ರಾದರೆ ಇಲಾಖೆಯ ಮೂಲಕ ಅಲ್ಲಿಗೆ ತರಬೇತಿಗೆ ಹೋಗಬಹುದು.

ಹಿಂದಿ ಕಲಿಸುವವರಿಗೆ ಆಗ್ರಾದ ಕೇಂದ್ರೀಯ ಹಿಂದಿ ಸಂಸ್ಥಾನ. ಹಿಂದಿ ಮಾತಾಡದ ರಾಜ್ಯಗಳವರಿಗೆಂದೇ ಪಾರಂಗತ, ನಿಷ್ಣಾತ ಅಂತ ಕೋರ್ಸ್‌ಗಳಿವೆ, ಮೈಸೂರಿನಲ್ಲಿ ಅದರ ಒಂದು ಕೇಂದ್ರವೂ ಇದೆ.

ಕನ್ನಡದ್ದೇ ಕಥೆ ಸ್ವಲ್ಪ ಬೇಜಾರು. 1969ರಲ್ಲಿ ಶುರುವಾದ ಭಾರತೀಯ ಭಾಷಾ ಸಂಸ್ಥಾನ ಮೈಸೂರಿನಲ್ಲೇ ಇದೆ. ಬೇರೆ ರಾಜ್ಯದ ಮೇಷ್ಟ್ರುಗಳು ಅದರ ಪ್ರಾದೇಶಿಕ ಕೇಂದ್ರಕ್ಕೆ ಬಂದು 10 ತಿಂಗಳು ಕೂತು ಕನ್ನಡ ಕಲಿಯುತ್ತಾರೆ. ಕನ್ನಡ ಕಲಿಕೆ ಕಾಯ್ದೆ 2015ರಲ್ಲಿ ಬಂದ ಮೇಲೆ ಕನ್ನಡ ಗೊತ್ತಿಲ್ಲದ ಮನೆಯ ಮಕ್ಕಳೂ ಶಾಲೆಯಲ್ಲಿ ಕನ್ನಡ ಓದಲೇಬೇಕು. ಹಾಗಿರುವಾಗ ಅವರಿಗೆ ಕಲಿಸುವವರು ಎಷ್ಟು ಜನ ಬೇಕು ಲೆಕ್ಕ ಹಾಕಿ. ಆದರೆ ಕನ್ನಡ ಎಂಎ ಮಾಡಿದವರು ಪಂಪ, ವಚನ, ನವ್ಯ ಎಲ್ಲ ಓದಿಕೊಂಡು ಬಂದು ‘ಇಲ್ಲ–ಅಲ್ಲ’ದ ಮುಂದೆ ನನ್ನ ಹಾಗೇ ಲಿಫ್ಟ್ ಹತ್ತುತ್ತಾರೆ. ಈ ದಾರಿ ಹಿಡಿಯುವವರು ಕನ್ನಡ ಎಂಎ ಜೊತೆಗೆ ಭಾಷಾವಿಜ್ಞಾನ ಸೇರಿಸಿಕೊಳ್ಳುವುದು ಒಳ್ಳೆಯದು. ಮೈಸೂರು ವಿಶ್ವವಿದ್ಯಾಲಯದಲ್ಲಿ ಆ ಓದಿದೆ.

ನಾಲ್ಕನೆಯದು: ಸಿಲಬಸ್ಸಿನಲ್ಲಿ ಒಂದೇ ಒಂದು ವಿಷಯ ಹುಡುಕಿ

ಪ್ರಾಕ್ಟೀಸ್ ಟೀಚಿಂಗ್. ಎಷ್ಟು ಗಂಟೆ, ಯಾರ ಮುಂದೆ, ನೋಡುವವರು ಯಾರು. ಉಳಿದದ್ದನ್ನು ಮನೆಯಲ್ಲಿ ಕೂತು ಓದಬಹುದು, ಇದೊಂದನ್ನು ಆಗಲ್ಲ. ನೀವು ನೀವೇ ಒಬ್ಬರಿಗೊಬ್ಬರು ಮಕ್ಕಳ ಹಾಗೆ ನಟಿಸಿ ಪಾಠ ಮಾಡುವ ಕೋರ್ಸ್ ಆದರೆ ನಾನಂತೂ ದುಡ್ಡು ಕಟ್ಟಲ್ಲ.

ನನ್ನ ಮೊದಲ ಪಾಠ ಈಗಲೂ ನೆನಪಿದೆ. ‘ಯೂಸ್ಡ್ ಟು’ ಕಲಿಸಬೇಕಿತ್ತು. ಹಲಗೆ ಮೇಲೆ ‘ಐ ಯೂಸ್ಡ್ ಟು ಲಿವ್ ಇನ್ ಮಂಡ್ಯ’ ಅಂತ ಬರೆದೆ, ಚೆನ್ನಾಗಿ ವಿವರಿಸಿದೆ, ‘ಅರ್ಥ ಆಯ್ತಾ?’ ಅಂದೆ. ಇಡೀ ಕ್ಲಾಸು ‘ಹೂಂ ಸಾರ್’ ಅಂತು. ಖುಷಿಯಾಯಿತು. ಕೊನೆ ಬೆಂಚಿನಲ್ಲಿ ಕೂತಿದ್ದ ಮೇಡಂ ಆಮೇಲೆ ಒಂದು ಚೀಟಿ ಕೊಟ್ಟರು. ನಲವತ್ತು ನಿಮಿಷದಲ್ಲಿ ಮೂವತ್ಮೂರು ನಿಮಿಷ ನಾನೇ ಮಾತಾಡಿದ್ದೆ. ಮರುದಿನ ಅದೇ ವಾಕ್ಯ ಬರೆದು ‘ಅವರು ಈಗ ಮಂಡ್ಯದಲ್ಲಿ ಇದ್ದಾರಾ?’ ಅಂತ ಕೇಳಿ ನೋಡಿ ಅಂದರು. ಕೇಳಿದೆ. ಅರ್ಧ ಕ್ಲಾಸು ‘ಇದ್ದಾರೆ ಸಾರ್’ ಅಂತು! ಆವತ್ತಿನಿಂದ ‘ಅರ್ಥ ಆಯ್ತಾ’ ಅನ್ನೋದನ್ನೇ ಬಿಟ್ಟೆ. ಒಬ್ಬರು ಹಿಂದೆ ಕೂತು ಗಡಿಯಾರ ನೋಡದೇ ಇದ್ದಿದ್ದರೆ ಇದು ನನಗೆ ಯಾವ ಪುಸ್ತಕದಿಂದಲೂ ಹೊಳೆಯುತ್ತಿರಲಿಲ್ಲ.

ಐದನೆಯದು: ಹೊರಗೆ ಹೋಗುವುದಾದರೆ

ಬ್ರಿಟನ್ನಿನಲ್ಲಿ ಎಂಎ ಒಂದೇ ವರ್ಷ. ಕೆಲವು ಕಡೆ ಮೊದಲೇ ಪಾಠ ಮಾಡಿದ ಅನುಭವ ಕೇಳುತ್ತಾರೆ, ಕೆಲವು ಕಡೆ ಹೊಸಬರಿಗೇ ಬೇರೆ ಕೋರ್ಸ್ ಇರುತ್ತದೆ. ಅನುಭವದವರ ಕೋರ್ಸಿಗೆ ಹೊಸಬರು ಸೇರಿದರೆ ಬರೀ ಥಿಯರಿ ಓದಿ ವಾಪಸ್ ಬರುವುದೇ ಆಗುತ್ತೆ. ಅಮೆರಿಕದಲ್ಲಿ ಸಾಮಾನ್ಯವಾಗಿ ಒಂದೂವರೆಯಿಂದ ಎರಡು ವರ್ಷ. ಕೆಲವು ಯೂನಿವರ್ಸಿಟಿಗಳಲ್ಲಿ ಅಸಿಸ್ಟೆಂಟ್‌ಶಿಪ್ ಸಿಕ್ಕರೆ ಫೀಸ್ ಮಾಫಿ, ಮೇಲಿಂದ ಅಲ್ಲೇ ಪಾಠ ಮಾಡುವ ಅವಕಾಶ. ಆದರೆ ಒಂದು ಮಾತು: ಐಟಿ ಓದಿದವರಿಗೆ ಅಲ್ಲಿ ಕೋರ್ಸ್ ಮುಗಿದ ಮೇಲೆ ಕೆಲಸ ಮಾಡಲು 36 ತಿಂಗಳವರೆಗೆ ಸಿಗಬಹುದು. ಟೆಸೋಲ್ ಓದಿದವರಿಗೆ ಸಾಮಾನ್ಯವಾಗಿ 12 ತಿಂಗಳಷ್ಟೇ. ಸಾಲ ಮಾಡಿ ಹೋಗುವವರು ಇದನ್ನು ಮನೆಯವರ ಜೊತೆ ಕೂತು ಮಾತಾಡಲೇಬೇಕು. ಇನ್ನು ಕೊರಿಯಾ ಕನಸು ಮಾರುವ ಜಾಹೀರಾತುಗಳು. ಅಲ್ಲಿ ಇಂಗ್ಲಿಷ್ ಮಾತುಕತೆ ಕಲಿಸುವವರ ವೀಸಾ ಬಹುಮಟ್ಟಿಗೆ ಅಮೆರಿಕ, ಬ್ರಿಟನ್ ಥರದ ಏಳು ದೇಶಗಳ ಪ್ರಜೆಗಳಿಗೆ. ನಿಮ್ಮ ಇಂಗ್ಲಿಷ್ ಎಷ್ಟೇ ಚೆನ್ನಾಗಿರಲಿ, ಪಾಸ್‌ಪೋರ್ಟ್ ನೋಡುತ್ತಾರೆ.

ಹೊರದೇಶಕ್ಕೆ ಓದಲು ಹೋದರೆ ಒಂದು ತಮಾಷೆ ಕಾದಿದೆ. ಟಾಸ್ಕ್ ಕೊಟ್ಟು ಭಾಷೆ ಕಲಿಸುವ ಪದ್ಧತಿ ಅಂತ ನಿಮಗೆ ಪಾಠ ಮಾಡುತ್ತಾರಲ್ಲ, ಅದರ ಬೇರು ಹುಡುಕಿಕೊಂಡು ಹೋದರೆ ಸಿಗುವುದು ಬೆಂಗಳೂರು. 1979ರಿಂದ 1984ರವರೆಗೆ ಇಂಗ್ಲಿಷ್ ಬೋಧನಾ ತಜ್ಞ ಎನ್.ಎಸ್. ಪ್ರಭು ಅವರು ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ವ್ಯಾಕರಣದ ಪಟ್ಟಿ ಬದಿಗಿಟ್ಟು, ಮಕ್ಕಳ ಕೈಗೆ ರೈಲಿನ ವೇಳಾಪಟ್ಟಿ, ನಕ್ಷೆ ಕೊಟ್ಟು ‘ಯಾವ ರೈಲು ಹಿಡಿದರೆ ಹೊತ್ತಿಗೆ ಸರಿಯಾಗಿ ತಲುಪುತ್ತೀರಿ’ ಅನ್ನುವಂಥ ಲೆಕ್ಕ ಬಿಡಿಸಲು ಹಚ್ಚಿದರು. ಅದಕ್ಕೆ ಬೆಂಗಳೂರು ಪ್ರಾಜೆಕ್ಟ್ ಅಂತಲೇ ಹೆಸರು. ಅರ್ಜಿ ಹಾಕುವ ಮೊದಲು ಇದರ ಬಗ್ಗೆ ಓದಿಕೊಳ್ಳಿ, ಸಂದರ್ಶನದಲ್ಲಿ ಕೆಲಸಕ್ಕೆ ಬರುತ್ತೆ.

ಆರನೆಯದು: ಅರ್ಜಿ

ಅರ್ಜಿಯ ಜೊತೆ ‘ಈ ಕೋರ್ಸ್ ಯಾಕೆ ಬೇಕು’ ಅಂತ ಬರೆದುಕೊಡುವ ಸ್ಟೇಟ್‌ಮೆಂಟ್ ಆಫ್ ಪರ್ಪಸ್ಸೇ ಎಸ್‌ಒಪಿ. ‘ಚಿಕ್ಕಂದಿನಿಂದ ನನಗೆ ಟೀಚರ್ ಆಗುವ ಆಸೆ’ ಅಂತ ಎಸ್‌ಒಪಿ ಶುರು ಮಾಡಬೇಡಿ, ಎಲ್ಲರೂ ಅದನ್ನೇ ಬರೆಯುತ್ತಾರೆ. ಬದಲಿಗೆ ಹೀಗೆ ಮಾಡಿ. ನಿಮ್ಮ ಬೀದಿಯಲ್ಲೇ ಕನ್ನಡ ಕಲಿಯಬೇಕು ಅನ್ನುವ ಇಬ್ಬರು, ಇಂಗ್ಲಿಷ್ ಬೇಕು ಅನ್ನುವ ಇಬ್ಬರು ಸಿಕ್ಕೇ ಸಿಗುತ್ತಾರೆ. ವಾರಕ್ಕೆರಡು ದಿನ ಕಲಿಸಿ. ಅವರನ್ನು ಕೇಳಿಕೊಂಡು ಮೊಬೈಲನ್ನು ಕಪಾಟಿನ ಮೇಲಿಟ್ಟು ರೆಕಾರ್ಡ್ ಮಾಡಿ, ರಾತ್ರಿ ಕೂತು ನೀವೆಷ್ಟು ನಿಮಿಷ ಮಾತಾಡಿದಿರಿ, ಅವರೆಷ್ಟು ಅಂತ ಬರೆದುಕೊಳ್ಳಿ. ಕೇಳೋಕೆ ಕಷ್ಟ, ನಮ್ಮ ದನಿ ನಮಗೇ ಆಗಿಬರಲ್ಲ. ಎರಡು ತಿಂಗಳು ಹೀಗೆ ಮಾಡಿದರೆ ಎಲ್ಲಿ ಎಡವಿದಿರಿ, ಮುಂದಿನ ಸಲ ಏನು ಬದಲಾಯಿಸಿದಿರಿ ಅಂತ ಎರಡು ಪುಟಕ್ಕೆ ಸಾಲುವಷ್ಟು ಇರುತ್ತದೆ. ಅದನ್ನೇ ಎಸ್‌ಒಪಿಗೆ ಇಳಿಸಿ.